ತೂತಾದ ದಾಸವಾಳ: ಗಾಯ ನೋಡಿ ಹುಳುವನ್ನು ಗುರುತಿಸುವ ಬಗೆ

ಬೆಳಿಗ್ಗೆ ಪೂಜೆಗೆಂದು ಹೂ ಬಿಡಿಸಲು ಹೋದವರಿಗೆ ಕೆಂಪು ದಾಸವಾಳದ ಮೂರು ನಾಲ್ಕು ಎಸಳುಗಳಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ, ಒಂದೇ ಅಳತೆಯ ತೂತುಗಳು ಕಾಣುವುದುಂಟು. ರಾತ್ರಿ ಯಾವುದೋ ಹುಳು ಬಂದು ಒಂದೊಂದು ಎಸಳಿಗೂ ಅಳತೆ ಹಿಡಿದು ತೂತು ಹಾಕಿ ಹೋಯಿತೇನೋ ಎನ್ನಿಸುತ್ತದೆ. ಆಗಿರುವುದು ಬೇರೆ. ಮೊಗ್ಗಿನಲ್ಲಿ ದಾಸವಾಳದ ಎಸಳುಗಳು ಮಡಿಸಿದ ಕೊಡೆಯ ಬಟ್ಟೆಯಂತೆ ಒಂದರ ಮೇಲೊಂದು ತಿರುಚಿ ಸುತ್ತಿಕೊಂಡಿರುತ್ತವೆ. ಆ ಸ್ಥಿತಿಯಲ್ಲಿ ಹುಳುವೊಂದು ಒಂದೇ ಕಡೆ ಕೊರೆದರೂ ಕೊರೆತ ಹಲವು ಪದರಗಳನ್ನು ದಾಟುತ್ತದೆ. ಗಣಪತಿ ಹಬ್ಬದ ಮಂಟಪಕ್ಕೆ ಬಣ್ಣದ ಕಾಗದವನ್ನು ಮಡಿಸಿ, ಒಂದೇ ಒಂದು ಕತ್ತರಿ ಹಾಕಿ ಬಿಡಿಸಿದಾಗ ಸಾಲಾಗಿ ತೂತು ಮೂಡುವುದಿಲ್ಲವೇ, ಅದೇ ಲೆಕ್ಕ. ಅಂದರೆ ಇಂದು ಬೆಳಿಗ್ಗೆ ಅರಳಿದ ಹೂವಿನ ಗಾಯ ಹಲವು ದಿನಗಳ ಹಿಂದೆಯೇ ಆದದ್ದು. ಅದನ್ನು ಮಾಡಿದ ಹುಳು ಈಗ ಆ ಹೂವಿನಲ್ಲಿ ಇರಲೇಬೇಕೆಂದಿಲ್ಲ.

ಹೂ ತಿನ್ನುವ ಕೀಟಗಳನ್ನು ಗುರುತಿಸುವಾಗ ನಾವು ಎಡವುವುದು ಇಲ್ಲಿಯೇ. ಹೂವಿನ ಮೇಲೆ ಕಣ್ಣಿಗೆ ಬಿದ್ದ ಮೊದಲ ಜೀವಿಯನ್ನೇ ಅಪರಾಧಿಯೆಂದು ತೀರ್ಮಾನಿಸಿ, ಮೊಬೈಲಿನಲ್ಲಿ ಅದರ ಫೋಟೊ ತೆಗೆದು, ಗೊಬ್ಬರದ ಅಂಗಡಿಯಲ್ಲಿ ತೋರಿಸಿ, ಅವರು ಕೊಟ್ಟ ಬಾಟಲಿಯನ್ನು ತಂದು ಹೊಡೆಯುತ್ತೇವೆ. ಸಾಮಾನ್ಯ ದಾಸವಾಳದ ಹೂವಿನ ಆಯಸ್ಸು ಒಂದೇ ದಿನ. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡುತ್ತದೆ. ಮೊಗ್ಗಾದರೋ ಅದಕ್ಕೂ ಮುನ್ನ ಎಷ್ಟೋ ದಿನ ಕೊಂಬೆಯ ತುದಿಯಲ್ಲಿ ನಿಂತಿರುತ್ತದೆ. ಹಾಗಾಗಿ ಹುಳುವಿಗಿಂತ ಮೊದಲು ಗಾಯವನ್ನು ಓದಬೇಕು: ಅಗಿದ ಗಾಯವೋ ಹೀರಿದ ಗಾಯವೋ, ಮೊಗ್ಗಿನಲ್ಲಿ ಆದದ್ದೋ ಅರಳಿದ ಮೇಲೆ ಆದದ್ದೋ, ಹಗಲಿನದೋ ರಾತ್ರಿಯದೋ. ದುಂಬಿ, ಮಿಡತೆ, ಪತಂಗದ ಮರಿಹುಳು ಇವಕ್ಕೆ ದವಡೆಯಿದೆ. ಇವು ತಿಂದಲ್ಲಿ ಎಸಳಿನ ತುಂಡೇ ಕಾಣೆಯಾಗಿರುತ್ತದೆ. ತಿಗಣೆ, ಹೇನು, ಬಿಳಿ ನೊಣಗಳಿಗೆ ಇರುವುದು ಸೂಜಿಯಂಥ ಬಾಯಿ. ಅವು ರಸ ಹೀರಿದಲ್ಲಿ ಎಸಳು ಇಡಿಯಾಗಿಯೇ ಇದ್ದು ಬಣ್ಣಗೆಡುತ್ತದೆ, ಮುರುಟುತ್ತದೆ, ಇಲ್ಲವೆ ಮೊಗ್ಗೇ ಉದುರುತ್ತದೆ. ಈ ಒಂದು ಭೇದ ತಿಳಿದರೆ ಅರ್ಧ ಕೆಲಸ ಮುಗಿದಂತೆ.

ದಾಸವಾಳಕ್ಕೆ ಇಷ್ಟೊಂದು ಬಗೆಯ ಕೀಟಗಳು ಏಕೆ ಬರುತ್ತವೆ ಎಂಬುದಕ್ಕೆ ಉತ್ತರ ಅದರ ನೆಂಟಸ್ತಿಕೆಯಲ್ಲಿದೆ. ಹತ್ತಿ, ಬೆಂಡೆ, ಪುಂಡಿ, ಹೂವರಸಿ ಮರ, ಬೂರುಗದ ಮರ ಎಲ್ಲವೂ ದಾಸವಾಳದ ಕುಟುಂಬಕ್ಕೆ ಸೇರಿದವು. ಹತ್ತಿಯನ್ನೂ ಬೆಂಡೆಯನ್ನೂ ನೆಚ್ಚಿಕೊಂಡ ಹುಳುಗಳಿಗೆ ದಾಸವಾಳ ಪರಕೀಯವಲ್ಲ. ಮಂಡ್ಯದ ನಾಲೆ ಬಯಲಿನ ಹಳ್ಳಿಗಳಲ್ಲಿ ಹಿತ್ತಿಲ ಬೇಲಿಗೆ ದಾಸವಾಳ, ಅದರ ಪಕ್ಕಕ್ಕೇ ಎರಡು ಸಾಲು ಬೆಂಡೆ ಇರುವುದು ಸಾಮಾನ್ಯ ನೋಟ. ಬೆಂಡೆ ಮುಗಿದು ಗಿಡ ಕಿತ್ತ ಮೇಲೆ ಅದರ ಹುಳುಗಳು ಆಸರೆ ಹುಡುಕುವುದು ವರ್ಷವಿಡೀ ಹಸಿರಾಗಿರುವ ಈ ಬೇಲಿಯಲ್ಲಿಯೇ.

ಅಗಿಯುವವುಗಳಲ್ಲಿ ಎಲ್ಲಕ್ಕಿಂತ ಮೊದಲು ಪರಿಚಯವಾಗಬೇಕಾದದ್ದು ಬೊಬ್ಬೆ ದುಂಬಿ, ಅಂದರೆ ಬ್ಲಿಸ್ಟರ್ ಬೀಟಲ್. ಇದರಲ್ಲಿ ನಮ್ಮ ಕಡೆ ಹೆಚ್ಚಾಗಿ ಕಾಣುವ ಜಾತಿ ಮೈಲಾಬ್ರಿಸ್ ಪುಸ್ಟುಲೇಟಾ. ಉದ್ದ ಸುಮಾರು 2ರಿಂದ 2.5 ಸೆಂಟಿಮೀಟರ್, ಕಪ್ಪು ಮೈ, ಗಟ್ಟಿಯಾದ ಮೇಲ್ರೆಕ್ಕೆಗಳ ಮೇಲೆ ಅಡ್ಡಕ್ಕೆ ಎಳೆದಂತೆ ಅಗಲವಾದ ಕಿತ್ತಳೆ ಪಟ್ಟೆಗಳು, ಹೆಗಲ ಬಳಿ ಎರಡು ದುಂಡು ಚುಕ್ಕೆಗಳು. ತಲೆ ಕೆಳಕ್ಕೆ ಬಾಗಿರುತ್ತದೆ, ಕುತ್ತಿಗೆ ಸಣ್ಣದಾಗಿ ಬೇರೆಯಾಗಿ ಕಾಣುತ್ತದೆ. ಮುಂಗಾರು ಬಲಿತ ಮೇಲೆ, ಗೌರಿ ಗಣೇಶನ ಹಬ್ಬದ ಆಸುಪಾಸಿನಿಂದ ದಸರಾ ಕಳೆಯುವವರೆಗೆ ಇದರ ಕಾಲ. ತೊಗರಿ, ಅಲಸಂದೆ, ಬೆಂಡೆಯ ಹೂಗಳನ್ನೂ ಇದು ಬಿಡುವುದಿಲ್ಲ.

ಇದು ತಿನ್ನುವುದನ್ನು ಕುಳಿತು ನೋಡಬೇಕು. ಬಿಸಿಲೇರುವ ಹೊತ್ತಿಗೆ ಭಾರವಾಗಿ, ಅವಸರವಿಲ್ಲದೆ ಹಾರಿಬಂದು ಎಸಳಿನ ಅಂಚಿನ ಮೇಲೆ ಕೂರುತ್ತದೆ. ಮುಂಗಾಲುಗಳಿಂದ ಅಂಚನ್ನು ತಬ್ಬಿ ಹಿಡಿದು, ತಲೆಯನ್ನು ಮೇಲಿನಿಂದ ಕೆಳಕ್ಕೆ ಆಡಿಸುತ್ತಾ ಅಗಿಯುತ್ತಾ ಹೋಗುತ್ತದೆ. ನಾವು ಹತ್ತಿರ ಹೋದರೂ ಕದಲುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎಸಳಿನ ಅಂಚು ಇಲಿ ಕಡಿದ ಬಟ್ಟೆಯಂತೆ ಹರಕಲಾಗುತ್ತದೆ, ಕೇಸರದ ಹಳದಿ ತುದಿಗಳೂ ಕೆಲವೊಮ್ಮೆ ಮಾಯವಾಗುತ್ತವೆ. ಎರಡು ಮೂರು ದುಂಬಿಗಳು ಸೇರಿದರೆ ಮಧ್ಯಾಹ್ನಕ್ಕೆ ಬರಿಯ ತೊಟ್ಟು ಉಳಿಯುತ್ತದೆ. ತಿಂದದ್ದು ಅರಳಿದ ಮೇಲಾದ್ದರಿಂದ ಇಲ್ಲಿ ಸಾಲು ತೂತುಗಳಿರುವುದಿಲ್ಲ; ಅಂಚಿನಿಂದ ಒಳಕ್ಕೆ ಹೋಗುವ ಅಂಕುಡೊಂಕಿನ ಗಾಯವೇ ಇದರ ಗುರುತು.

ಅದರ ಧೈರ್ಯಕ್ಕೆ ಕಾರಣವೂ ಇದೆ. ಮುಟ್ಟಿದರೆ ಕಾಲಿನ ಕೀಲುಗಳಿಂದ ಹಳದಿ ದ್ರವವನ್ನು ಜಿನುಗಿಸುತ್ತದೆ. ಅದರಲ್ಲಿ ಕ್ಯಾಂಥರಿಡಿನ್ ಎಂಬ ವಿಷವಿದೆ. ಚರ್ಮಕ್ಕೆ ತಗುಲಿದಾಗ ತಕ್ಷಣಕ್ಕೆ ಏನೂ ಗೊತ್ತಾಗದೆ, ಕೆಲವು ಗಂಟೆಗಳ ಬಳಿಕ ನೀರು ತುಂಬಿದ ಬೊಬ್ಬೆಗಳೇಳುತ್ತವೆ. ಬೆಳಿಗ್ಗೆ ಹೂ ಕೊಯ್ದವರು ಸಂಜೆ ಬೆರಳಿನ ಬೊಬ್ಬೆ ನೋಡಿ, ಅದು ಒಲೆಯ ಬಿಸಿಯೋ ಎಣ್ಣೆ ಸಿಡಿದದ್ದೋ ಎಂದು ಯೋಚಿಸುವುದು ಇದರಿಂದಲೇ. ಮಕ್ಕಳನ್ನು ಹೂ ಕೊಯ್ಯಲು ಕಳಿಸುವವರು ಈ ಒಂದು ದುಂಬಿಯನ್ನಾದರೂ ಅವರಿಗೆ ತೋರಿಸಿಕೊಟ್ಟಿರಬೇಕು. ಬರಿಗೈಯಲ್ಲಿ ಹಿಡಿಯದೆ, ಸೋಪಿನ ನೀರಿರುವ ಡಬ್ಬಿಯನ್ನು ಹೂವಿನ ಕೆಳಗೆ ಹಿಡಿದು ಕಡ್ಡಿಯಿಂದ ತಟ್ಟಿದರೆ ಅದರೊಳಕ್ಕೆ ಬೀಳುತ್ತದೆ. ತಗುಲಿದರೆ ಕೂಡಲೇ ಸೋಪು ಹಚ್ಚಿ ತೊಳೆಯಬೇಕು, ಆ ಕೈಯಲ್ಲಿ ಕಣ್ಣುಜ್ಜಿಕೊಳ್ಳಬಾರದು. ಆದರೂ ಇದನ್ನು ಪೂರ್ತಿ ಶತ್ರುವೆನ್ನಲು ನನಗೆ ಮನಸ್ಸು ಬರುವುದಿಲ್ಲ, ಏಕೆಂದರೆ ಇದರ ಮರಿಹುಳು ಮಣ್ಣಿನಲ್ಲಿ ಮಿಡತೆಯ ಮೊಟ್ಟೆಗಳನ್ನು ತಿಂದು ಬೆಳೆಯುತ್ತದೆ. ಮನೆಯಂಗಳದ ಎರಡು ಮೂರು ಗಿಡಗಳಿಗೆ ಕೈಯಿಂದ ಉದುರಿಸುವುದಷ್ಟೇ ಸಾಕು. ಇದಕ್ಕಾಗಿ ವಿಷ ಸಿಂಪಡಿಸುವುದು ಅತಿಯಾಯಿತು.

ಮೊದಲು ಹೇಳಿದ ಸಾಲು ತೂತುಗಳ ಕರ್ತೃ ಸಾಮಾನ್ಯವಾಗಿ ಪತಂಗದ ಮರಿಹುಳು. ಬೆಂಡೆಕಾಯಿ ಹೆಚ್ಚುವಾಗ ಒಳಗೆ ಸಿಗುವ ಹುಳುವನ್ನು ನೋಡದವರಿಲ್ಲ. ಚುಕ್ಕೆ ಕಾಯಿಕೊರಕವೆಂದು ರೈತರು ಕರೆಯುವ ಎರಿಯಾಸ್ ವಿಟೆಲ್ಲಾ ಎಂಬ ಆ ಹುಳುವೇ ದಾಸವಾಳದ ಮೊಗ್ಗಿಗೂ ಇಳಿಯುತ್ತದೆ. ಕಂದು ಮೈ, ಅದರ ಮೇಲೆ ಬಿಳಿ ಕಪ್ಪು ಕಿತ್ತಳೆ ಚುಕ್ಕೆಗಳು, ಎರಡು ಸೆಂಟಿಮೀಟರ್ ಮೀರದ ಉದ್ದ. ಪತಂಗದ ರೆಕ್ಕೆ ಬಿಳುಪು, ನಡುವೆ ವೀಳ್ಯದೆಲೆಯ ಹಸಿರಿನ ಒಂದು ಪಟ್ಟೆ. ಮೊಗ್ಗಿನ ಬುಡದಲ್ಲಿ ಸಣ್ಣ ತೂತು, ಆ ತೂತಿನ ಬಾಯಲ್ಲಿ ಒದ್ದೆ ಹಿಕ್ಕೆ ಮೆತ್ತಿಕೊಂಡಿದ್ದರೆ ಹುಳು ಇನ್ನೂ ಒಳಗಿದೆ ಎಂದರ್ಥ. ಇನ್ನೊಂದು, ತೊಗರಿಯಲ್ಲೂ ಟೊಮೆಟೊದಲ್ಲೂ ಕುಖ್ಯಾತವಾದ ಹಸಿರು ಕಾಯಿಕೊರಕ, ಹೆಲಿಕೋವರ್ಪಾ. ಬಲಿತರೆ ಮೂರು ಮೂರೂವರೆ ಸೆಂಟಿಮೀಟರ್ ಇರುತ್ತದೆ. ಬಣ್ಣ ಹಸಿರೇ ಆಗಬೇಕೆಂದಿಲ್ಲ, ಕಂದು, ನಸುಗೆಂಪೂ ಇರಬಹುದು, ಆದರೆ ಪಕ್ಕೆಗಳಲ್ಲಿ ತಿಳಿಬಣ್ಣದ ಗೆರೆ ಉದ್ದಕ್ಕೂ ಇರುತ್ತದೆ. ಇದು ತಿನ್ನುವ ಭಂಗಿಯೇ ವಿಚಿತ್ರ: ತಲೆ ಮೊಗ್ಗಿನೊಳಗೆ, ಅರ್ಧ ಮೈ ಹೊರಗೆ. ತೂತು ದೊಡ್ಡದು, ಕೆಳಗಿನ ಎಲೆಗಳ ಮೇಲೆ ಸಾಸಿವೆ ಗಾತ್ರದ ಹಿಕ್ಕೆ ಉದುರಿರುತ್ತದೆ. ಹುಳು ಕಾಣದಿದ್ದರೆ ಮೊದಲು ಹಿಕ್ಕೆ ಹುಡುಕಿ, ಅದು ಬಿದ್ದಿರುವ ಎಲೆಯಿಂದ ನೇರವಾಗಿ ಮೇಲಕ್ಕೆ ನೋಡಬೇಕು.

ಮಿಡತೆಗಳ ವಿಷಯ ಹೆಚ್ಚು ಹೇಳಬೇಕಾದದ್ದಿಲ್ಲ. ಎಸಳಿಗಿಂತ ಎಲೆಯನ್ನೇ ಹೆಚ್ಚು ತಿನ್ನುತ್ತವೆ, ಹತ್ತಿರ ಹೋದರೆ ನೆಗೆದು ತಾವೇ ಗುರುತು ಕೊಡುತ್ತವೆ. ಎಲೆಯ ಅಂಚನ್ನು ಗರಗಸದ ಹಲ್ಲಿನಂತೆ ಕಚ್ಚಿದ ಗಾಯಗಳಿದ್ದರೆ ಅದು ಬೂದು ಬಣ್ಣದ ಮೂತಿಹುಳುವಿನದು. ಹೂವಿಗೆ ಅದರಿಂದಾಗುವ ಕೇಡು ಕಡಿಮೆ.

ಇನ್ನು ಹೀರುವ ಬಳಗ. ಇಲ್ಲಿ ಕಣ್ಣಿಗೆ ಬೇಗ ಬೀಳುವುದು ಕೆಂಪು ಹತ್ತಿ ತಿಗಣೆ, ಡಿಸ್ಡರ್ಕಸ್ ಸಿಂಗುಲೇಟಸ್. ಕುಂಕುಮದ ಕೆಂಪು ಮೈ, ಕುತ್ತಿಗೆಯಲ್ಲಿ ಬಿಳಿ ಪಟ್ಟಿ, ಪ್ರತಿ ರೆಕ್ಕೆಯ ಮೇಲೂ ಒಂದು ಕಪ್ಪು ಚುಕ್ಕೆ. ಗಂಡು ಹೆಣ್ಣುಗಳು ಹಿಂಬದಿ ಜೋಡಿಸಿಕೊಂಡು ಒಂದನ್ನೊಂದು ಎಳೆದಾಡುತ್ತಾ ಓಡಾಡುವುದು ಎಲ್ಲರ ಬಾಲ್ಯದ ನೆನಪು. ಇದಕ್ಕೆ ಬೇಕಾದದ್ದು ಮುಖ್ಯವಾಗಿ ಬೀಜ. ಅಂಗಳದ ದಾಸವಾಳ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲವಾದ್ದರಿಂದ ಇವು ಗುಂಪಾಗಿ ಕಂಡರೆ ಹತ್ತಿರದಲ್ಲೆಲ್ಲೋ ಬೂರುಗವೋ ಹೂವರಸಿಯೋ ಬಲಿತ ಬೆಂಡೆಯೋ ಇರಬೇಕೆಂದು ಊಹಿಸಬಹುದು. ಮೊಗ್ಗಿನ ರಸವನ್ನು ಹೀರುತ್ತವೆ ನಿಜ, ಆದರೆ ಎಸಳಿನ ತೂತಿಗೂ ಇವಕ್ಕೂ ಸಂಬಂಧವಿಲ್ಲ. ಎಲ್ಲರ ಕಣ್ಣಿಗೆ ಬೀಳುವ ಬಣ್ಣವಿರುವುದರಿಂದ ಬೇರೆಯವರ ತಪ್ಪಿಗೂ ಇವೇ ಏಟು ತಿನ್ನುತ್ತವೆ.

ಎಸಳು ತೂತಾಗದೆ, ಮೊಗ್ಗಿನ ತೊಟ್ಟಿನ ಸುತ್ತ ಹತ್ತಿಯ ಎಳೆಯಂಥ ಬಿಳಿ ಮೆತ್ತಿದ್ದರೆ ಅದು ಬೂಷ್ಟಲ್ಲ, ಹಿಟ್ಟು ತಿಗಣೆ. ನಮ್ಮ ಭಾಗದಲ್ಲಿ ದಾಸವಾಳದ ಮೇಲೆ ಇದರಲ್ಲೇ ಹಲವು ಜಾತಿಗಳು ಸಿಗುತ್ತವೆ. ಗುಲಾಬಿ ಹಿಟ್ಟು ತಿಗಣೆ, ಅಂದರೆ ಮ್ಯಾಕೊನೆಲ್ಲಿಕಾಕಸ್ ಹಿರ್ಸುಟಸ್, ಹೀರುವಾಗ ಬಿಡುವ ಜೊಲ್ಲಿನ ನಂಜಿನಿಂದ ಕುಡಿಯ ಎಲೆಗಳು ಮುದುರಿ, ಗೆಣ್ಣುಗಳ ಅಂತರ ಕುಗ್ಗಿ, ತುದಿ ಎಲೆಕೋಸಿನ ಗಂಟಿನಂತಾಗುತ್ತದೆ. ಅಂಥ ಕುಡಿಯಲ್ಲಿ ಮೊಗ್ಗು ಹುಟ್ಟಿದರೂ ಅರಳುವುದಿಲ್ಲ. ಮದ್ದೂರು, ಮಳವಳ್ಳಿ ಕಡೆಯ ರೇಷ್ಮೆ ಬೆಳೆಗಾರರಿಗೆ ಈ ಲಕ್ಷಣವನ್ನು ವಿವರಿಸಬೇಕಾಗಿಲ್ಲ, ಹಿಪ್ಪುನೇರಳೆಯಲ್ಲಿ ಟುಕ್ರಾ ಎನ್ನುವುದು ಇದೇ ತಿಗಣೆಯ ಕೆಲಸ. ಮೇಣದ ಹಿಟ್ಟನ್ನು ಕಡ್ಡಿಯಿಂದ ಸರಿಸಿದರೆ ಒಳಗಿನ ಮೈ ನಸುಗೆಂಪಾಗಿರುತ್ತದೆ. ಪರಂಗಿಯ ಹಿಟ್ಟು ತಿಗಣೆಯಾದರೆ ಮೈ ಹಳದಿ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಪತ್ತೆಯಾದ ಈ ಪರದೇಶಿ ಕೀಟ ಪರಂಗಿ, ಹಿಪ್ಪುನೇರಳೆಗಳ ಜೊತೆಗೆ ದಾಸವಾಳವನ್ನೂ ಆವರಿಸಿತು. 2010ರಲ್ಲಿ ಅದರ ಪರಾವಲಂಬಿ ಕಣಜಗಳನ್ನು ಪೋರ್ಟೊರಿಕೊದಿಂದ ತರಿಸಿ ಬಿಡುಗಡೆ ಮಾಡಿದ ಮೇಲೆ ಅದರ ಹಾವಳಿ ಇಳಿಯಿತು. ಮೂರನೆಯದು ಹತ್ತಿಯ ಹಿಟ್ಟು ತಿಗಣೆ, ಫೆನಕಾಕಸ್ ಸೊಲೆನಾಪ್ಸಿಸ್. ಬಿಳಿ ಮೈಯ ಬೆನ್ನ ಮೇಲೆ ಎರಡು ಸಾಲು ಕಪ್ಪು ಗುರುತುಗಳು ಕಂಡರೆ ಇದೇ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕುವೆಂಪುನಗರದ ನಮ್ಮ ಮನೆಯ ಕಾಂಪೌಂಡಿಗೆ ಹೊಂದಿದ ಗಿಡದಲ್ಲಿ ಒಂದು ಬೇಸಿಗೆ ಹಿಟ್ಟು ತಿಗಣೆ ಹತ್ತಿತು. ದಿನವೂ ನೀರು ಚಿಮ್ಮಿಸಿ ತೊಳೆಯುತ್ತಿದ್ದೆ. ನಾಲ್ಕೈದು ದಿನಗಳಲ್ಲಿ ಅವುಗಳ ನಡುವೆ ಇನ್ನೂ ದಪ್ಪನೆಯ, ಉದ್ದುದ್ದ ಬಿಳಿ ಜಡೆಗಳಿರುವ ಕೆಲವು ಕಾಣಿಸಿಕೊಂಡವು. ತಾಯಿ ತಿಗಣೆಗಳಿರಬೇಕೆಂದು ಹುಡುಕಿ ಹುಡುಕಿ ಹೊಸಕಿದೆ. ಆಮೇಲೆ ಒಂದು ದಿನ ಭೂತಗನ್ನಡಿ ಹಿಡಿದು ನೋಡಿದರೆ ಆ ಜಡೆಯ ಹುಳು ಸರಸರನೆ ನಡೆದು ಹೋಗಿ ಒಂದು ತಿಗಣೆಯನ್ನು ಕಚ್ಚಿ ಹಿಡಿಯಿತು. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ದುಂಬಿಯ ಮರಿ. 1898ರಲ್ಲಿ ಕಾಫಿ ತೋಟಗಳ ಹಸಿರು ಶಲ್ಕ ಕೀಟದ ಹತೋಟಿಗೆಂದು ಆಸ್ಟ್ರೇಲಿಯದಿಂದ ತಂದ ಈ ದುಂಬಿ ಹಿಟ್ಟು ತಿಗಣೆಯ ದೊಡ್ಡ ವೈರಿ, ಅದರ ಮರಿಯಾದರೋ ತಾನು ತಿನ್ನುವ ತಿಗಣೆಯದೇ ವೇಷದಲ್ಲಿರುತ್ತದೆ. ಭೇದ ತಿಳಿಯುವುದು ಸುಲಭ: ಹಿಟ್ಟು ತಿಗಣೆ ಕೂತಲ್ಲೇ ಕೂತಿರುತ್ತದೆ ಇಲ್ಲವೆ ಬಲು ನಿಧಾನವಾಗಿ ತೆವಳುತ್ತದೆ, ಕೆಣಕಿದರೆ ಚುರುಕಾಗಿ ನಡೆಯುವುದು ದುಂಬಿಯ ಮರಿ. ಬೆಳೆದ ದುಂಬಿ ಮೆಣಸಿನ ಕಾಳಿಗಿಂತ ಚಿಕ್ಕದು, ರೆಕ್ಕೆ ಕಪ್ಪು, ತಲೆ ಕಿತ್ತಳೆ.

ಇರುವೆಗಳನ್ನು ನೋಡಿ ಗಾಬರಿಯಾಗುವವರು ಬಹಳ. ದಾಸವಾಳದ ಎಲೆಯ ಕೆಳಬದಿಯಲ್ಲಿ, ನಡುನರದ ಬುಡದ ಹತ್ತಿರ ಮಕರಂದ ಜಿನುಗಿಸುವ ಸಣ್ಣ ಗ್ರಂಥಿಯಿದೆ. ಕೀಟಗಳಿಲ್ಲದ ಆರೋಗ್ಯವಂತ ಗಿಡದಲ್ಲೂ ಇರುವೆ ಅದಕ್ಕಾಗಿ ಬರುತ್ತದೆ. ಆದರೆ ಇರುವೆಗಳು ಮೊಗ್ಗಿನ ತೊಟ್ಟಿನಲ್ಲಿಯೇ ಗುಂಪುಗಟ್ಟಿ ನಿಂತಿದ್ದರೆ ಅಲ್ಲಿ ಹಿಟ್ಟು ತಿಗಣೆಯೋ ಗಿಡಹೇನೋ ಇದೆ. ಇವುಗಳು ವಿಸರ್ಜಿಸುವ ಸಿಹಿ ಅಂಟಿಗಾಗಿ ಇರುವೆಗಳು ಕಾವಲು ನಿಲ್ಲುತ್ತವೆ, ಗುಲಗಂಜಿ ದುಂಬಿಗಳನ್ನು ಹತ್ತಿರ ಬಿಡುವುದಿಲ್ಲ. ಆ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು ಕಪ್ಪು ಬೂಷ್ಟು ಬೆಳೆಯುತ್ತದೆ. ಹೇನುಗಳು ಹಳದಿಯಿಂದ ಕಡುಹಸಿರಿನವರೆಗೆ ಯಾವ ಬಣ್ಣದಲ್ಲಾದರೂ ಇರಬಹುದು, ಎಳೆ ಮೊಗ್ಗಿಗೆ ರಾಗಿ ಮೆತ್ತಿದಂತೆ ಕಾಣುತ್ತವೆ.

ಎಲ್ಲಕ್ಕಿಂತ ಕಷ್ಟದ್ದು ಕಣ್ಣಿಗೆ ಕಾಣದವರ ಪತ್ತೆ. ಕೆಂಪು ಎಸಳಿನ ಮೇಲೆ ನೀರು ಬಿದ್ದು ಬಣ್ಣ ಹೋದಂಥ ಮಾಸಲು ಗೀರುಗಳು, ಒಣಗಿ ಕಂದಾದ ಅಂಚು ಇದ್ದರೆ ಥ್ರಿಪ್ಸ್ ನುಸಿಯನ್ನು ಸಂಶಯಿಸಬೇಕು. ಬಿಳಿ ಹಾಳೆಯ ಮೇಲೆ ಹೂವನ್ನು ನಾಲ್ಕು ಬಾರಿ ತಟ್ಟಿದರೆ ಒಂದು ಮಿಲಿಮೀಟರ್ ಉದ್ದದ, ಜೀರಿಗೆಯ ಸಿಪ್ಪೆಯ ಚೂರಿನಂಥ ಹಳದಿ ಅಥವಾ ಕಂದು ಗೆರೆಗಳು ಹಾಳೆಯ ಮೇಲೆ ಹರಿದಾಡತೊಡಗುತ್ತವೆ. ಧೂಳಾಗಿದ್ದರೆ ನಡೆಯುವುದಿಲ್ಲವಲ್ಲ.

ಮೊಗ್ಗುಗಳೇ ಹಳದಿ ತಿರುಗಿ, ಅರಳುವ ಮುನ್ನ ತೊಟ್ಟಿನ ಗೆಣ್ಣಿನಲ್ಲಿ ಕಳಚಿ ಬೀಳುತ್ತಿದ್ದರೆ, ಅದರಲ್ಲೂ ಮುದ್ದೆ ದಾಸವಾಳದಲ್ಲಿ, ಬಿದ್ದ ಮೊಗ್ಗನ್ನು ಗುಡಿಸಿ ಎಸೆಯದೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಬೇಕು. ಒಳಗೆ ಎರಡು ಮೂರು ಮಿಲಿಮೀಟರಿನ ಬಿಳಿ ಅಥವಾ ತಿಳಿಹಳದಿ ಹುಳುಗಳಿದ್ದು, ಹಾಳೆಯ ಮೇಲೆ ಹಾಕಿದಾಗ ಮೈ ಬಾಗಿಸಿ ಚಿಟ್ಟನೆ ಸಿಡಿದರೆ ಅವು ಮೊಗ್ಗಿನ ನೊಣದ ಮರಿಗಳು. ಕಾಂಟರೀನಿಯಾ ಮ್ಯಾಕ್ಯುಲಿಪೆನ್ನಿಸ್ ಎಂಬ ಈ ನೊಣ ಸೊಳ್ಳೆಗಿಂತ ಸಣ್ಣದು. ಮಲ್ಲಿಗೆ ಮೊಗ್ಗನ್ನೂ ಕೆಡಿಸುವುದರಿಂದ ಹೂ ಬೆಳೆಯುವವರಿಗೆ ಇದು ಹೊಸತಲ್ಲ. ಮರಿಗಳು ಮೊಗ್ಗಿನಿಂದ ಹೊರಬಿದ್ದು ಮಣ್ಣಿನಲ್ಲಿ ಕೋಶಾವಸ್ಥೆಗೆ ಹೋಗುವುದರಿಂದ ಉದುರಿದ ಮೊಗ್ಗುಗಳನ್ನು ದಿನವೂ ಆರಿಸಿ, ಬಿಗಿಯಾಗಿ ಕಟ್ಟಿದ ಕವರಿನಲ್ಲಿ ಬಿಸಿಲಿಗಿಡುವುದು ಯಾವ ಔಷಧಿಗಿಂತಲೂ ಹೆಚ್ಚಿನ ಕೆಲಸ. ಗಿಡದ ಬುಡದ ಗೊಬ್ಬರದ ಗುಂಡಿಗೆ ಅವನ್ನು ಹಾಕಿದರೆ ನೊಣಕ್ಕೆ ನಾವೇ ಮನೆ ಕಟ್ಟಿಕೊಟ್ಟಂತೆ. ಸೀಳಿದ ಮೊಗ್ಗುಗಳಲ್ಲಿ ಏನೂ ಇಲ್ಲದಿದ್ದರೆ ಕಾರಣ ಕೀಟವಲ್ಲದೆ ಇರಬಹುದು. ಮಾರ್ಚ್ ಏಪ್ರಿಲ್ ಬಿಸಿಲಿಗೆ ಕುಂಡದ ಮಣ್ಣು ಒಮ್ಮೆ ಪೂರ್ತಿ ಒಣಗಿದರೂ ಮೊಗ್ಗು ಉದುರುತ್ತದೆ.

ಕೀಟವಲ್ಲದ ತಿಂಡಿಪೋತರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಳೆಗಾಲದ ರಾತ್ರಿ ಎಸಳುಗಳೆಲ್ಲ ಮಾಯವಾಗಿ, ಕಾಂಡದ ಮೇಲೆ ಒಣಗಿದ ಅಂಟಿನ ಹೊಳೆಯುವ ಜಾಡು ಉಳಿದಿದ್ದರೆ ಅದು ಆಫ್ರಿಕದ ದೊಡ್ಡ ಬಸವನಹುಳು. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಹೋದರೆ ಸಿಕ್ಕಿಬೀಳುತ್ತದೆ. ಹೂವಿನ ಬುಡದಲ್ಲಿ, ಎಸಳು ತೊಟ್ಟಿಗೆ ಸೇರುವ ಕಡೆ ಉಗುರಿನಿಂದ ಗೀರಿದಂಥ ಸಣ್ಣ ಸೀಳಿದ್ದು ಉಳಿದ ಹೂವೆಲ್ಲ ಚೆನ್ನಾಗಿದ್ದರೆ ಅದು ಹುಳುವಿನದಲ್ಲ, ಸೂರಕ್ಕಿಯದು. ಉದ್ದನೆಯ ಕೇಸರದ ಕಂಬವನ್ನು ಬಳಸಿ ಒಳಕ್ಕೆ ಕೊಕ್ಕು ಹಾಕುವ ಬದಲು ಅದು ಪಕ್ಕದಿಂದ ಬುಡವನ್ನು ಚುಚ್ಚಿ ಮಕರಂದ ಕುಡಿಯುತ್ತದೆ. ಆ ಹೂವನ್ನು ದೇವರಿಗೆ ಏರಿಸಬಹುದೋ ಬಾರದೋ ಎಂಬುದು ಮನೆಯ ಹಿರಿಯರು ತೀರ್ಮಾನಿಸುವ ವಿಷಯ. ಎಸಳಿನ ನಡುವೆ ಅಡ್ಡಡ್ಡ ನಡೆಯುವ ಬಿಳಿ ಅಥವಾ ಹಳದಿ ಏಡಿ ಜೇಡ ಕಂಡರಂತೂ ಬಿಟ್ಟುಬಿಡಬೇಕು. ಅದು ಹೂವನ್ನು ತಿನ್ನಲು ಬಂದದ್ದಲ್ಲ, ಹೂವಿಗೆ ಬರುವವರನ್ನು ತಿನ್ನಲು ಕಾದಿರುವುದು.

ದಾಸವಾಳ ಪೂಜೆಗೆ, ತಲೆಗೆ ಹಚ್ಚುವ ಎಣ್ಣೆಗೆ, ಕೆಲವು ಮನೆಗಳಲ್ಲಿ ಚಹಾಕ್ಕೂ ಹೋಗುವ ಹೂವಾದ್ದರಿಂದ ರಾಸಾಯನಿಕ ಸಿಂಪಡಿಸುವ ಮುನ್ನ ಎರಡು ಬಾರಿ ಯೋಚಿಸಬೇಕು. ಹೀರುವ ಕೀಟಗಳಿಗೆ ನೀರಿನ ಚಿಮ್ಮು, ಅದಕ್ಕೂ ಜಗ್ಗದಿದ್ದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನು ತುಸು ಸೋಪಿನೊಂದಿಗೆ ಕಲಕಿ, ಹೂ ಮುದುಡಿ ಜೇನುಗಳು ಗೂಡು ಸೇರಿದ ಮೇಲೆ ಸಂಜೆ ಸಿಂಪಡಿಸುವುದು ಸಾಕಾಗುತ್ತದೆ. ಮೊಗ್ಗಿನೊಳಗಿರುವ ಕೊರಕಕ್ಕೂ ನೊಣದ ಮರಿಗೂ ಹೊರಗಿನ ಸಿಂಪಡಣೆ ತಲುಪುವುದೇ ಇಲ್ಲ, ಆ ಮೊಗ್ಗನ್ನು ಕಿತ್ತು ತೆಗೆಯಬೇಕಾದದ್ದೇ.

ಇಷ್ಟಾದರೂ ಗುರುತು ಹತ್ತದಿದ್ದರೆ ಮಂಡ್ಯದವರಿಗೆ ವಿ.ಸಿ. ಫಾರಂನ ಕೃಷಿ ಮಹಾವಿದ್ಯಾಲಯ, ಮೈಸೂರು ಕಡೆಯವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇವೆ. ಹೋಗುವಾಗ ಹೊಸಕಿದ ಹುಳುವನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಬಾರದು. ಸಣ್ಣ ಬಾಟಲಿಯಲ್ಲಿ ಹುಳುವನ್ನು ಜೀವಂತವಾಗಿ, ಅದು ಕೂತಿದ್ದ ಮೊಗ್ಗು ಮತ್ತು ಎರಡು ಎಲೆಗಳ ಸಮೇತ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಕಂಡ ದಿನವನ್ನೂ ಹೊತ್ತನ್ನೂ ಚೀಟಿಯಲ್ಲಿ ಬರೆದು ಅಂಟಿಸಿರಬೇಕು. ಗಾಯವಾದ ಹೂವೊಂದನ್ನು ಬೇರೆ ಕವರಿನಲ್ಲಿ ಇಟ್ಟುಕೊಂಡು, ಅದು ಬಾಡುವ ಮುನ್ನ ತಲುಪುವಂತೆ ಬೆಳಿಗ್ಗೆಯೇ ಹೊರಡುವುದು ಒಳ್ಳೆಯದು.